ಹಡಗಿನ ‘ಜೈನ ಊಟ’ವೂ ಶ್ರಾವಕನ ದಿಗ್ವ್ರತವೂ

ಪ್ರವಾಸ ಸಂಸ್ಥೆಗಳ ಕರಪತ್ರಗಳಲ್ಲಿ ಸಮ್ಮೇದ ಶಿಖರಜಿ, ಗಿರನಾರಗಳ ಪಕ್ಕದಲ್ಲಿ ಈಗ ವಿಹಾರ ನೌಕೆಯ ಚಿತ್ರವೂ ಅಚ್ಚಾಗುತ್ತಿದೆ. ಚಿತ್ರದ ಕೆಳಗೆ ‘ಶುದ್ಧ ಜೈನ ಊಟದ ವ್ಯವಸ್ಥೆ ಉಂಟು’ ಎಂಬ ಸಾಲು. ಅದನ್ನು ಓದಿದೊಡನೆ ನಮ್ಮ ಶ್ರಾವಕ ಬಂಧುಗಳ ಸಂಶಯಗಳೆಲ್ಲ ಪರಿಹಾರವಾಗಿಬಿಡುತ್ತವೆ. ಇಂಥದೊಂದು ಕರಪತ್ರವನ್ನು ಬಸದಿಯೊಂದರ ಸೂಚನಾ ಫಲಕದಲ್ಲಿ, ದಶಲಕ್ಷಣ ಪರ್ವದ ಕಾರ್ಯಕ್ರಮ ಪಟ್ಟಿಯ ಕೆಳಗೆ ಅಂಟಿಸಿದ್ದುದನ್ನು ಕಂಡ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸುಗಳಿಲ್ಲದ ಒಂದು ತಟ್ಟೆಯಿಂದ ಇಡೀ ಹಡಗಿನ ಸಂಚಾರ ಧರ್ಮಸಮ್ಮತವಾಗುವುದೆ? ಆಗದು ಎಂಬುದೇ ನನ್ನ ವಾದ.

ಸಮುದ್ರಯಾನವೇ ಪಾಪವೆಂದು ನಾನು ಹೇಳುತ್ತಿಲ್ಲ. ವರ್ತಕನ ಬಾಯಲ್ಲಿ ಆ ಮಾತು ಶೋಭಿಸದು. ಕುಂದೂರು, ಆಲೂರು, ಸಕಲೇಶಪುರದ ಗುಡ್ಡಗಳ ಕಾಫಿ ಶಿರಾಡಿ ಘಾಟಿಯನ್ನಿಳಿದು, ಪಣಂಬೂರಿನ ಬಂದರಿನಿಂದ ಕಡಲು ದಾಟುತ್ತದೆ. ನಮ್ಮ ಅನ್ನದಲ್ಲಿ ಆ ಕಡಲಿನ ಪಾಲಿದೆ. ನಮ್ಮ ಪುರಾಣಗಳ ಚಾರುದತ್ತ, ಶ್ರೀಪಾಲರು ಹಡಗು ಹತ್ತಿದವರೇ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ತಳಭಾಗವನ್ನೊಮ್ಮೆ ಬಾಗಿ ನೋಡಬೇಕು. ಜಿರಾಫೆಯನ್ನೂ ಚೀನೀಯರ ಡ್ರಾಗನ್ನನ್ನೂ ಅಲ್ಲಿಯ ಶಿಲ್ಪಿ ಕಡೆದಿದ್ದಾನೆ. ದೂರದೇಶಗಳ ಸುದ್ದಿ ಕಡಲ ದಾರಿಯಲ್ಲಿ ನಮ್ಮ ಬಸದಿಯ ಕಲ್ಲಿನವರೆಗೆ ಬಂದಿತ್ತು. 1893ರಲ್ಲಿ ವೀರಚಂದ ರಾಘವಜಿ ಗಾಂಧಿಯವರು ಚಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಹೋದುದೂ ಹಡಗಿನಲ್ಲಿಯೆ. 1888ರಲ್ಲಿ ಮೋಹನದಾಸ ಗಾಂಧಿಯವರು ವಿಲಾಯತಿಗೆ ಹೊರಟಾಗ, ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟೆನೆಂಬ ಪ್ರತಿಜ್ಞೆಯನ್ನು ಅವರಿಂದ ಮಾಡಿಸಿದವರು ಬೇಚರಜಿ ಸ್ವಾಮಿಗಳೆಂಬ ಜೈನ ಸಾಧುಗಳು. ಹಡಗಿನ ಅಡಿಗೆಯಲ್ಲಿ ಮಾಂಸವಿಲ್ಲದ್ದು ಯಾವುದೆಂದು ಕೇಳಲೂ ಸಂಕೋಚಪಟ್ಟು, ಮನೆಯಿಂದ ಒಯ್ದ ಹಣ್ಣು, ಸಿಹಿತಿಂಡಿಗಳನ್ನು ತಿಂದುಕೊಂಡು ಆ ತರುಣ ಹೆಚ್ಚಾಗಿ ತನ್ನ ಕೋಣೆಯಲ್ಲೇ ದಿನ ಕಳೆದರು. ಇವರಿಗೆಲ್ಲ ಆಚೆಯ ದಡದಲ್ಲಿ ಒಂದು ಕಾರ್ಯವಿತ್ತು.

ವಿಹಾರ ನೌಕೆಯಲ್ಲಿ ಯಾನವೇ ಕಾರ್ಯ. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ‘ಕ್ವೀನ್ ಮೇರಿ 2’ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆ. ವಿಮಾನಕ್ಕೆ ಸುಮಾರು ಎಂಟು ಗಂಟೆಯ ದಾರಿ. ನಡುವೆ ಬಂದರಿಲ್ಲ, ಕಾಣುವುದು ನೀರೊಂದೇ. ಹೀಗೆ ಹೋಗಿಬಂದ ಬಂಧುಗಳೊಬ್ಬರು ತಮ್ಮ ದಿನಚರಿಯನ್ನು ಉತ್ಸಾಹದಿಂದಲೇ ವಿವರಿಸಿದರು. ಬೆಳಗಿನ ತಿಂಡಿ, ನಡುಹಗಲಿನ ಊಟ, ನಾಲ್ಕು ಗಂಟೆಯ ಚಹಾ, ರಾತ್ರಿಯ ಭೋಜನ, ಅದಾದ ಮೇಲೂ ತೆರೆದಿರುವ ತಿನಿಸಿನ ಮೇಜುಗಳು. ಇವುಗಳ ಬಿಡುವಿನಲ್ಲಿ ಈಜುಕೊಳ, ನಾಟಕ, ನೃತ್ಯ, ಜೂಜಿನ ಕೋಣೆ. ಒಳ್ಳೆಯ ಗ್ರಂಥಾಲಯವೂ ಇದೆಯಂತೆ, ಅದನ್ನು ಮೆಚ್ಚಬೇಕು. ಪಶ್ಚಿಮಕ್ಕೆ ಸಾಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಜೂನ್ ತಿಂಗಳಲ್ಲಿ ಆ ಉತ್ತರದ ನೀರಿನ ಮೇಲೆ ಸೂರ್ಯ ಮುಳುಗುವುದು ಒಂಬತ್ತು ಗಂಟೆಯ ಮೇಲೆ. ‘ಎಂಟೂವರೆಗೆ ಉಂಡರೂ ರಾತ್ರಿಭೋಜನ ದೋಷವಿಲ್ಲ’ ಎಂದು ಅವರು ನಕ್ಕರು. ಸಾಮಾಯಿಕ ಎಷ್ಟು ಹೊತ್ತಿಗೆ ಆಗುತ್ತಿತ್ತು ಎಂದು ಕೇಳಿದೆ. ಮಾತು ಬೇರೆ ಕಡೆಗೆ ತಿರುಗಿತು.

ನಮ್ಮ ಆಚಾರ್ಯರು ಶ್ರಾವಕನ ತಟ್ಟೆಯನ್ನಷ್ಟೇ ನೋಡಿದವರಲ್ಲ, ಅವನ ಹೆಜ್ಜೆಯನ್ನೂ ನೋಡಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತವನ್ನು ಹೇಳುವಾಗ ಗಡಿಯಾಗಿ ಇಟ್ಟುಕೊಳ್ಳಬಹುದಾದ ಗುರುತುಗಳನ್ನು ಎಣಿಸುತ್ತಾರೆ: ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ. ಮೊದಲ ಹೆಸರೇ ಸಮುದ್ರದ್ದು. ಗಡಿಯಾಚೆಗೆ ಸೂಕ್ಷ್ಮ ಪಾಪವೂ ನಡೆಯದಿರುವುದರಿಂದ ಅಲ್ಲಿಯ ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮಹಾವ್ರತಗಳಿಗೆ ಸಮಾನವಾಗುತ್ತವೆಂದು ಅವರ ಅಭಿಪ್ರಾಯ. ಕುಂದೂರಿನ ಗುಡ್ಡದ ಮೇಲೆ ಕುಳಿತು, ಅಟ್ಲಾಂಟಿಕ್ ಸಾಗರದ ಒಂದು ಜೀವಿಗೂ ತೊಂದರೆ ಕೊಡದವನಿಗೆ ಆ ಸಾಗರದಷ್ಟು ಪುಣ್ಯ ಖರ್ಚಿಲ್ಲದೆ ಜಮೆಯಾಗುತ್ತದೆ. ಅದನ್ನು ಹಣ ಕೊಟ್ಟು ಕಳೆದುಕೊಳ್ಳುವ ವ್ಯಾಪಾರ ಯಾವ ಸೀಮೆಯದು?

ಅವರು ಹೇಳುವ ಅನರ್ಥದಂಡಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ಕಲಕುವುದು, ಗಿಡಗಳನ್ನು ಕತ್ತರಿಸುವುದು, ತಾನು ವ್ಯರ್ಥವಾಗಿ ತಿರುಗುವುದು ಮತ್ತು ಇತರರನ್ನು ತಿರುಗಾಡಿಸುವುದು. ಈ ಕೊನೆಯದನ್ನು ಬಸದಿಗಳ ಆಡಳಿತ ಮಂಡಳಿಗಳು ನಿಧಾನವಾಗಿ ಓದಿಕೊಳ್ಳಬೇಕು. ಹಡಗು ಹತ್ತಿದವನದು ಅವನ ಲೆಕ್ಕ. ಬಸದಿಯ ಗೋಡೆಯ ಮೇಲೆ ಕರಪತ್ರ ಹಚ್ಚಿ ಕಳಿಸಿದವರದು ಪ್ರತ್ಯೇಕ ಲೆಕ್ಕ.

ನೀರಿನ ವಿಷಯವನ್ನೇ ನೋಡಿ. ನಮ್ಮ ಅಜ್ಜಿಯರು ಬಾವಿಯ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುತ್ತಿದ್ದರು. ಹಡಗಿನಲ್ಲಿ ಕಡಲ ನೀರನ್ನೇ ಕಾಯಿಸಿ ಆವಿಯಾಗಿಸಿ, ಇಲ್ಲವೆ ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ, ಸಾವಿರಾರು ಜನರ ಸ್ನಾನಕ್ಕೆ ಸಿಹಿನೀರು ಮಾಡುತ್ತಾರೆ. ಉಳಿದ ಆಹಾರವನ್ನು 25 ಮಿಲಿಮೀಟರಿಗಿಂತ ಚಿಕ್ಕದಾಗಿ ಅರೆದರೆ ತೀರದಿಂದ ಮೂರು ನಾಟಿಕಲ್ ಮೈಲಿಯಾಚೆ, ಅರೆಯದಿದ್ದರೆ ಹನ್ನೆರಡು ಮೈಲಿಯಾಚೆ ಸಮುದ್ರಕ್ಕೆ ಬಿಡಲು, ವಿಶೇಷ ರಕ್ಷಿತ ವಲಯಗಳ ಹೊರಗೆ, ಅಂತಾರಾಷ್ಟ್ರೀಯ ನಿಯಮವೇ ಅನುಮತಿಸುತ್ತದೆ. ಅಪರಾಧವೇನೂ ಇಲ್ಲ, ನಿಯಮಬದ್ಧ. ಆದರೆ ಆ ರಾಶಿಯಲ್ಲಿ ‘ಜೈನ ಊಟ’ದ ಎಂಜಲೂ ಇರುತ್ತದೆ. ದೊಡ್ಡ ಹಡಗು ದಿನವೊಂದಕ್ಕೆ ನೂರು ಟನ್ನಿಗೂ ಮೀರಿ ಇಂಧನವನ್ನು ಸುಡುತ್ತದೆ.

ಇನ್ನು ಹಡಗಿನ ಕೆಳ ಅಂತಸ್ತುಗಳ ಜನರು. 2006ರ ಕಡಲ ಕಾರ್ಮಿಕ ಒಪ್ಪಂದದಂತೆ ಕೆಲಸಗಾರನಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆಯ ವಿಶ್ರಾಂತಿ ಕೊಡಬೇಕು. ಉಳಿದ 14 ಗಂಟೆ ದುಡಿಸಿಕೊಂಡರೂ ಆ ದಿನದ ಮಟ್ಟಿಗೆ ನಿಯಮಕ್ಕೆ ಭಂಗವಿಲ್ಲ. ತಟ್ಟೆ ತೊಳೆಯುವ, ಹಾಸಿಗೆ ಮಡಿಸುವ ಈ ಹುಡುಗರಲ್ಲಿ ಗೋವೆ, ಮಂಗಳೂರು ಕಡೆಯವರೂ ಇದ್ದಾರೆ. ಅನೇಕರು ತಿಂಗಳುಗಟ್ಟಲೆ ಮನೆಯ ಮುಖ ನೋಡುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ತತ್ತ್ವಾರ್ಥಸೂತ್ರದಲ್ಲಿ ಓದಿದವರು, ಆ ಭಾರ ಎತ್ತಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿದಂತಿದೆ.

‘ವಯಸ್ಸಾದವರಿಗೆ ಯಾತ್ರೆಯ ಮೆಟ್ಟಿಲು ಹತ್ತಲಾಗದು, ಹಡಗಿನಲ್ಲಿ ಕುಳಿತೇ ಲೋಕ ನೋಡಬಹುದಲ್ಲ’ ಎಂಬ ಆಕ್ಷೇಪಕ್ಕೆ ನನ್ನ ಸಹಾನುಭೂತಿ ಇದೆ. ವಿಂಧ್ಯಗಿರಿಯ ಮೆಟ್ಟಿಲುಗಳು ಈಗ ನನಗೂ ಕಷ್ಟವೇ. ಮಕ್ಕಳು ತಂದೆತಾಯಿಯರನ್ನು ಕರೆದೊಯ್ದರೆ ಅದು ಮನೆಯ ವಿಷಯ, ನಾನು ತಡೆಯಲಾರೆ. ಆದರೆ ಅದನ್ನು ಭೋಗವೆಂದೇ ಕರೆದು ಹೋಗಲಿ. ‘ವಿಹಾರ’ವೆಂಬುದು ಮುನಿಗಳು ಬರಿಗಾಲಲ್ಲಿ, ಪಿಂಛಿ ಹಿಡಿದು, ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯುವುದಕ್ಕೆ ನಾವು ಇಟ್ಟುಕೊಂಡ ಪದ. ಮಳೆಗಾಲದಲ್ಲಿ ಜೀವಹಿಂಸೆಯಾದೀತೆಂದು ಅವರು ಆ ನಡಿಗೆಯನ್ನೂ ನಿಲ್ಲಿಸಿ ಚಾತುರ್ಮಾಸಕ್ಕೆ ಕೂರುತ್ತಾರೆ. ಅದೇ ನಾಲ್ಕು ತಿಂಗಳಲ್ಲಿ, ಅವರು ಕುಳಿತ ಬಸದಿಯ ಗೋಡೆಯ ಮೇಲೆ ಹಡಗಿನ ಚಿತ್ರ!

ಆಡಳಿತ ಮಂಡಳಿಗಳ ಮುಂದೆ, ಲೆಕ್ಕಪತ್ರ ಬಲ್ಲ ಒಬ್ಬ ಸಾಧರ್ಮಿಯಾಗಿ ನನ್ನದೊಂದು ಕೋರಿಕೆ ಇದೆ. ಇಂತಹ ಕರಪತ್ರ ಹಚ್ಚಿದ್ದಕ್ಕೆ ಪ್ರವಾಸ ಸಂಸ್ಥೆಯಿಂದ ಬಸದಿಗೆ ಏನಾದರೂ ಹಣ ಸಂದಿದ್ದರೆ, ಅದನ್ನು ದಾನದ ಬಾಬ್ತಿನಲ್ಲಿ ಜಮಾ ಮಾಡಿದ್ದಾರೆಯೆ, ಜಾಹೀರಾತಿನ ಆದಾಯದಲ್ಲಿ ತೋರಿಸಿದ್ದಾರೆಯೆ ಎಂಬುದನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಓದಿ ಹೇಳಲಿ. ಆ ಹಣದಿಂದ ಅಭಿಷೇಕದ ಹಾಲು ಕೊಂಡಿದ್ದರೆ ಅದನ್ನೂ ಹೇಳಲಿ.