ಪುಸ್ತಕಗಳ ಪಟ್ಟಿ ಪಠ್ಯಕ್ರಮವಾಗದು

ಶವ್ವಾಲ್ ಬಂದೊಡನೆ ಊರೂರಿನ ಮದ್ರಸಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ: ಕಾಯಿದಾ, ಅಮ್ಮ ಪಾರಾ, ನಾಜಿರಾ, ಉರ್ದುವಿನ ದೀನಿಯಾತ್ ಪುಸ್ತಕ. ಇದನ್ನೇ ಪಠ್ಯಕ್ರಮವೆಂದು ಕರೆಯುವ ರೂಢಿ. ವರ್ಷಾಂತ್ಯದಲ್ಲಿ ಮಗು ಏನನ್ನು ಅರಿತಿರಬೇಕು, ಏನನ್ನು ಮಾಡಬಲ್ಲದಾಗಿರಬೇಕು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಪುಣಜನೂರಿನಿಂದ ಗುಂಡ್ಲುಪೇಟೆಯವರೆಗಿನ ಗಡಿಸೀಮೆಯ ಮಕ್ಕಳನ್ನೇ ನೋಡೋಣ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಚೆಕ್‌ಪೋಸ್ಟ್ ದಾಟಿದರೆ ತಮಿಳು. ಬಹುಪಾಲು ಮಕ್ಕಳು ಸರಾಗವಾಗಿ ಓದಬಲ್ಲದ್ದು ಕನ್ನಡ ಲಿಪಿಯನ್ನು. ಆದರೂ ಅವರು ಓದಲಾರದ ಪುಸ್ತಕದಿಂದಲೇ ಈಮಾನಿನ ವಿವರಣೆಯನ್ನು ಬಾಯಿಪಾಠ ಮಾಡಿಸಲಾಗುತ್ತದೆ! ಇನ್ನು ಸಮಯದ ಲೆಕ್ಕ. ಮಗ್ರಿಬಿನ ಬಳಿಕ ಒಂದು ಗಂಟೆ. ರಮಜಾನ್, ಶಾಲಾ ಪರೀಕ್ಷೆ, ರಜೆಗಳನ್ನು ಕಳೆದು ವರ್ಷಕ್ಕೆ 200 ದಿನವೆಂದಿಟ್ಟುಕೊಳ್ಳೋಣ. 20 ಮಕ್ಕಳಿಗೆ ಒಬ್ಬ ಹಜ್ರತ್ ಒಬ್ಬೊಬ್ಬರ ಸಬಕನ್ನು ಪ್ರತ್ಯೇಕವಾಗಿ ಕೇಳಿದರೆ ತಲೆಗೆ 3 ನಿಮಿಷ, ವರ್ಷವಿಡೀ ಸೇರಿ 10 ಗಂಟೆ. ಉಳಿದ 57 ನಿಮಿಷ ಮಗು ಏನು ಮಾಡಬೇಕೆಂದು ಯಾವ ಪಟ್ಟಿ ಹೇಳುತ್ತದೆ?

ಪ್ರವಾದಿ(ಸ)ರು ಮುಆದ್ ಬಿನ್ ಜಬಲ್(ರ)ರನ್ನು ಯಮನಿಗೆ ಕಳುಹಿಸುವಾಗ ನೀಡಿದ ಆದೇಶ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮೊದಲು ಶಹಾದತ್, ಜನ ಅದನ್ನು ಒಪ್ಪಿದರೆ ಐದು ಹೊತ್ತಿನ ನಮಾಜ್, ಅದನ್ನೂ ಒಪ್ಪಿದರೆ ಝಕಾತ್. ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆ ಷರತ್ತು. ಅಲ್ಲಿ ಕ್ರಮವಿದೆ, ಕೇಳುಗನ ಸ್ಥಿತಿಯ ಅರಿವಿದೆ, ಪರೀಕ್ಷೆಯೂ ಇದೆ. ಇದಕ್ಕಿಂತ ಉತ್ತಮವಾದ ಮಾದರಿಯನ್ನು ನಾವು ಬೇರೆಲ್ಲಿ ಹುಡುಕಬೇಕು?

"ಹಿರಿಯರ ನಿಸಾಬನ್ನು ಮುಟ್ಟಬಾರದು" ಎನ್ನುವವರಿದ್ದಾರೆ. ಯಾವ ಹಿರಿಯರು? ದರ್ಸೆ ನಿಜಾಮಿಯನ್ನು ರೂಪಿಸಿದ ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರು (ಮರಣ 1748) ತಮ್ಮ ಕಾಲಕ್ಕೆ ಬೇಕಾದುದನ್ನು ಆರಿಸಿಕೊಂಡವರು. ಅದರಲ್ಲಿ ತರ್ಕಶಾಸ್ತ್ರದ್ದೇ ಮೇಲುಗೈ, ಹದೀಸಿಗೆ ಸ್ವಲ್ಪವೇ ಜಾಗ. 1866ರಲ್ಲಿ ಆರಂಭವಾದ ದೇವಬಂದಿನ ಉಲಮಾಗಳು ಅದನ್ನು ಹಾಗೆಯೇ ಉಳಿಸಿಕೊಳ್ಳದೆ ಹದೀಸಿನ ಆರು ಗ್ರಂಥಗಳಿಗೆ ಹಿರಿಯ ಸ್ಥಾನವನ್ನು ಕೊಟ್ಟರು. ಬದಲಿಸುವುದೂ ಹಿರಿಯರ ಸಂಪ್ರದಾಯವೇ. ನಮ್ಮ ನೆರೆಯ ಕೇರಳದಲ್ಲಿ 1951ರಲ್ಲಿ ಸಮಸ್ತ ಮದ್ರಸ ಶಿಕ್ಷಣ ಮಂಡಳಿಯನ್ನು ಸ್ಥಾಪಿಸಿ, ತರಗತಿಗೊಂದು ಪುಸ್ತಕ, ಪಬ್ಲಿಕ್ ಪರೀಕ್ಷೆ ಎಂಬ ವ್ಯವಸ್ಥೆಯನ್ನು ಕಟ್ಟಿತು. ಅದರಿಂದ ಅಲ್ಲಿಯ ದೀನಿಗೆ ಕುಂದುಂಟಾಯಿತೆಂದು ಯಾರೂ ಹೇಳಿಲ್ಲ.

ಇಬ್ನ್ ಖಲ್ದೂನರು ಮುಕದ್ದಿಮದಲ್ಲಿ ಒಂದು ಚರ್ಚೆಯನ್ನು ದಾಖಲಿಸಿದ್ದಾರೆ. ಮೊದಲು ಭಾಷೆ, ಕಾವ್ಯ, ಗಣಿತ, ಆಮೇಲೆ ಕುರ್‌ಆನ್ ಎಂಬುದು ಕಾಝಿ ಅಬೂಬಕರ್ ಇಬ್ನುಲ್ ಅರಬಿಯವರ ಸಲಹೆ. ಇಬ್ನ್ ಖಲ್ದೂನರು ಅದನ್ನು ಮೆಚ್ಚಿಯೂ, ಮಗು ನಡುವೆ ಓದು ಬಿಟ್ಟರೆ ಕುರ್‌ಆನೇ ತಪ್ಪಿಹೋದೀತೆಂಬ ಜನರ ಆತಂಕವನ್ನು ಗಣನೆಗೆ ತಂದುಕೊಂಡರು. ಎಸ್ಸೆಸ್ಸೆಲ್ಸಿ ಟ್ಯೂಷನ್ನಿನ ಹೆಸರಲ್ಲಿ ಮಕ್ಕಳು ಮದ್ರಸ ಬಿಡುವ ಈ ಕಾಲಕ್ಕೆ ಆ ಆತಂಕ ಹೆಚ್ಚು ಸಲ್ಲುತ್ತದೆ. ಆದ್ದರಿಂದಲೇ ಕುರ್‌ಆನ್ ಮೊದಲಿಗೇ ಇರಲಿ, ಆದರೆ ಅರ್ಥವನ್ನು ಕೊನೆಗೆ ಇಡಬೇಡಿ. ಫಾತಿಹಾದ ಏಳು ಆಯತ್‌ಗಳ ಅರ್ಥವನ್ನು ಮೊದಲ ವರ್ಷವೇ ಕನ್ನಡದಲ್ಲಿ ತಿಳಿಯದ ಮಗು ಮುಂದೆ ಯಾವಾಗ ತಿಳಿದೀತು?

ಉರ್ದು ಅಳಿದುಹೋಗುತ್ತದೆ ಎಂಬ ಅಳಲು ನಮಗೂ ಇದೆ. ಉರ್ದುವನ್ನು ಭಾಷೆಯಾಗಿ, ಅಕ್ಷರದಿಂದ ಕಲಿಸಿ. ಅಕ್ಷರ ಕಲಿಸದೆ ಅಕೀದಾ ಒಪ್ಪಿಸುವುದು ಉರ್ದುವಿನ ಸೇವೆಯೂ ಅಲ್ಲ.

ಜಮಾಅತಿನ ಮುಖಂಡರು ಮುಂದಿನ ಶವ್ವಾಲಿಗೆ ಮೊದಲು ಹಜ್ರತರೊಡನೆ ಕುಳಿತು, ತರಗತಿಗೊಂದು ಹಾಳೆಯಂತೆ, ಮಗು ಯಾವ ತಿಂಗಳಿಗೆ ಏನನ್ನು ಒಪ್ಪಿಸಬೇಕೆಂದು ಕನ್ನಡದಲ್ಲಿ ಬರೆಯಿಸಲಿ. ಅದನ್ನು ಮಸೀದಿಯ ಗೋಡೆಗೆ ಅಂಟಿಸಿದರೆ ಸಾಲದು, ಪ್ರತಿ ಮನೆಗೂ ಒಂದು ಪ್ರತಿ ಹೋಗಬೇಕು. ರಾತ್ರಿ ಸಬಕ್ ಕೇಳುವವರು ತಾಯಂದಿರು. ಅವರು ಓದಿ ಬೆಳೆದದ್ದು ಕನ್ನಡ ಶಾಲೆಯಲ್ಲಿ.