ಬಗ್ಗಿ ದುಡಿಯೋರಿಗೂ ವ್ಯಾಯಾಮ ಬೇಕು

"ಹೊಲದಲ್ಲಿ ದುಡಿಯೋರಿಗೆ ವ್ಯಾಯಾಮ ಯಾಕಪ್ಪ?" ಬಂಗಾರಪೇಟೆ ಕಡೆ ನಾನೂ ಹೀಗೇ ಹೇಳ್ಕೊಂಡು ತಿರುಗ್ತಿದ್ದೆ. ಎರಡು ವರ್ಷ ಟೊಮೆಟೊ ಸಾಲಿನಲ್ಲಿ ಬಗ್ಗಿ ಕಳೆ ಕಿತ್ತ ಮೇಲೆ, ಕಾಲು ನೆಟ್ಟಗಿಟ್ಟು ಬಗ್ಗಿದ್ರೆ ಕೈ ಮಂಡಿ ದಾಟುತ್ತಿರಲಿಲ್ಲ. ಕಳೆನಾಶಕ ಬಿಟ್ಟರೆ ಬಗ್ಗೋದು ಜಾಸ್ತಿ ಅನ್ನೋದನ್ನ ನಾವು ಸಾವಯವದವರು ಅಷ್ಟಾಗಿ ಹೇಳೋದಿಲ್ಲ!

ದುಡಿಮೆ ಬೇರೆ, ವ್ಯಾಯಾಮ ಬೇರೆ. ತೊಡೆಯ ಹಿಂಭಾಗದ ಸ್ನಾಯುಗಳು ಪೃಷ್ಠದ ಮೂಳೆಯಿಂದ ಮಂಡಿಯ ಕೆಳಗಿನವರೆಗೆ ಹೋಗುತ್ತವೆ. ಅವು ಬಿಗಿದರೆ ಬಗ್ಗುವಾಗ ಸೊಂಟ ಸರಿಯಾಗಿ ಮುಂದಕ್ಕೆ ವಾಲಲ್ಲ, ಭಾರ ಬೆನ್ನಿಗೆ ಬೀಳುತ್ತೆ. ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೂತು ಹೋಗಿಬರುವ ಕೆಜಿಎಫ್ ಜನರಿಗೂ ಈ ಬಿಗಿತ ಬರಬಹುದು.

ನಾನು ಮಾಡೋದು ಇಷ್ಟೇ. ಕೆಲಸ ಮುಗಿಸಿ ಮೈ ಬೆಚ್ಚಗಿರುವಾಗಲೇ ಚಾಪೆ ಮೇಲೆ ಅಂಗಾತ ಮಲಗಿ, ಪಾದಕ್ಕೆ ಟವೆಲ್ ಸಿಕ್ಕಿಸಿ ಒಂದು ಕಾಲನ್ನ ನಿಧಾನವಾಗಿ ಮೇಲೆತ್ತುತ್ತೇನೆ. ಎಳೆತ ಗೊತ್ತಾದ ಕಡೆ 30 ಸೆಕೆಂಡ್ ನಿಲ್ಲಿಸಿ ಇಳಿಸೋದು, ಪ್ರತಿ ಕಾಲಿಗೆ 3 ಸಲ. ಮಂಡಿ ಸ್ವಲ್ಪ ಮಡಚಿದ್ರೂ ಪರವಾಗಿಲ್ಲ, ಜಗ್ಗಾಡಬೇಡಿ. ವಾರಕ್ಕೇ ಫಲ ಕೇಳಬೇಡಿ. ನೋವು ಮಂಡಿ ಕೆಳಗೂ ಇಳಿದು ಜೋಮು ಹಿಡಿದ್ರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಆದರೆ ಕೂಲಿಗೆ ಬರೋ ಹೆಣ್ಣುಮಕ್ಕಳಿಗೆ ಬರೀ ವ್ಯಾಯಾಮ ಹೇಳಿಕೊಟ್ಟು ಕೈತೊಳೆದುಕೊಳ್ಳೋದು ಅನ್ಯಾಯ. ಕ್ಯಾಲಿಫೋರ್ನಿಯಾದಲ್ಲಿ, ಬೆನ್ನು ಹಾಳಾಗುತ್ತೆ ಅಂತಲೇ, ಗಿಡ್ಡ ಹಿಡಿಯ ಗುದ್ದಲಿಯನ್ನು 1975ರಲ್ಲಿ ನಿಷೇಧಿಸಿದರು. ಉದ್ದ ಹಿಡಿಯ ವೀಡರ್ ಕೊಡೋದು, ಗಂಟೆಗೊಮ್ಮೆ ಐದು ನಿಮಿಷ ನೆಟ್ಟಗೆ ನಿಂತು ಕಾಲು ಸಡಿಲಿಸೋಕೆ ಬಿಡೋದು ಹೊಲದ ಯಜಮಾನರ ಕೆಲಸ. ಆ ಐದು ನಿಮಿಷದ ಕೂಲಿ ಹಿಡಿಯಬೇಡಿ.