ಕಳೆದ ಬೊಂಬೆ, ಕಲಿಯಬೇಕಾದ ಹೊಣೆ

ಮಗು ತನ್ನ ಅಚ್ಚುಮೆಚ್ಚಿನ ಆಟಿಕೆಯನ್ನು ಎಲ್ಲಿಯೋ ಬಿಟ್ಟು ಅಳುತ್ತ ಮನೆಗೆ ಬಂದಾಗ ಹಿರಿಯರು ಸಾಮಾನ್ಯವಾಗಿ ಎರಡರಲ್ಲೊಂದು ಹಾದಿ ಹಿಡಿಯುವರು. ಅನುಕೂಲವುಳ್ಳವರು ಅಂದೇ ಸಂಜೆ ಹೊಸದೊಂದನ್ನು ತಂದುಕೊಟ್ಟು ಅಳು ನಿಲ್ಲಿಸುವರು. ಉಳಿದವರು ‘ದುಡ್ಡೇನು ಪುಕ್ಕಟೆ ಬರುತ್ತದೆಯೇ’ ಎಂದು ಗದರಿಸುವರು. ಮೊದಲನೆಯದರಿಂದ ವಸ್ತುವಿನ ಬೆಲೆ ತಿಳಿಯದು. ಎರಡನೆಯದರಿಂದ, ಮುಂದಿನ ಸಲ ಕಳೆದುದನ್ನು ಮುಚ್ಚಿಡುವ ಜಾಣತನವಷ್ಟೇ ಬರುವುದು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ನೈತಿಕ ವಿವೇಚನೆಯನ್ನು ಕುರಿತ ತಮ್ಮ 1932ರ ಗ್ರಂಥದಲ್ಲಿ ಎರಡು ಕಥೆಗಳನ್ನು ಮಕ್ಕಳ ಮುಂದಿಟ್ಟುದನ್ನು ವಿವರಿಸಿದ್ದಾರೆ. ಒಬ್ಬ ಹುಡುಗ ತಿಳಿಯದೆ ಬಾಗಿಲು ತಳ್ಳಿ 15 ಬಟ್ಟಲುಗಳನ್ನು ಒಡೆದ. ಇನ್ನೊಬ್ಬ ತಾಯಿಯಿಲ್ಲದ ವೇಳೆ ಕದ್ದು ತಿನ್ನಲು ಹೋಗಿ ಒಂದನ್ನೊಡೆದ. ಯಾರ ತಪ್ಪು ಹೆಚ್ಚು? ಚಿಕ್ಕವರಲ್ಲಿ ಅನೇಕರು 15 ಒಡೆದವನನ್ನೇ ತೋರಿಸಿದರು. ಉದ್ದೇಶವನ್ನು ತೂಗಿ ನೋಡುವ ಬುದ್ಧಿ ವಯಸ್ಸಿನೊಡನೆ ಬಲಿಯತಕ್ಕದ್ದು. ಆದರೆ ಹತ್ತು ರೂಪಾಯಿಯ ಬೊಂಬೆ ಕಳೆದರೆ ಸುಮ್ಮನಿದ್ದು, ಐನೂರರದು ಕಳೆದರೆ ಕೈಯೆತ್ತುವ ತಂದೆತಾಯಿಗಳ ಲೆಕ್ಕಾಚಾರವೂ ಇದೇ ಅಲ್ಲವೇ!

ಕಳೆದ ದಿನ ಉಪದೇಶ ಬೇಡ. ಅಳುವ ಮಗುವಿನ ಕಿವಿಗೆ ಯಾವ ನೀತಿಯೂ ಇಳಿಯದು. ಮರುದಿನ ಕೊನೆಗೆ ಎಲ್ಲಿ ಆಡಿದೆ, ಜೊತೆಗೆ ಯಾರಿದ್ದರು ಎಂಬುದನ್ನು ಅದೇ ನೆನಪಿಸಿಕೊಳ್ಳಲಿ. ನೆರೆಮನೆಯ ಅಜ್ಜಿಯನ್ನು ಅದೇ ಕೇಳಲಿ. ಹಿರಿಯರು ಸಂಗಡ ನಡೆದರೆ ಸಾಕು. ಸಿಗದಿದ್ದರೆ ಕೆಲವು ದಿನ ಆ ಜಾಗ ಬರಿದಾಗಿಯೇ ಇರಲಿ. ಆಟಿಕೆ ಕೈಯಲ್ಲಿರುವಾಗಲೇ ಅದರ ಹುಟ್ಟನ್ನು ಹೇಳಿದ್ದರೆ ಇನ್ನೂ ಮೇಲು. ಚನ್ನಪಟ್ಟಣದ ಕುಶಲಕರ್ಮಿ ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸಿ, ಬಣ್ಣದ ಅರಗನ್ನು ಒತ್ತಿಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇದನ್ನು ಕೇಳಿದ ಮಗು ಬುಗುರಿಯನ್ನು ಹಿಡಿಯುವ ರೀತಿಯೇ ಬೇರೆ.

ಶಾಲೆಗಳ ಮಾತು ಬೇರೆಯಲ್ಲ. ದಾನಿಗಳು ಪ್ರೀತಿಯಿಂದ ಕೊಟ್ಟ ಆಟಿಕೆಗಳು ಎಷ್ಟೋ ಶಿಶುವಿಹಾರಗಳಲ್ಲಿ ಗಾಜಿನ ಕಪಾಟಿನೊಳಗೆ ಬೀಗದಲ್ಲಿರುತ್ತವೆ. ತನಿಖಾಧಿಕಾರಿಗಳು ಬಂದಾಗ ಮಾತ್ರ ಹೊರಬರುತ್ತವೆ. ಕೈಗೆ ಸಿಗದ ವಸ್ತುವನ್ನು ಜೋಪಾನ ಮಾಡಲು ಮಗು ಕಲಿಯುವುದೆಂತು? ಶಿಕ್ಷಕರನ್ನು ದೂರಿ ಫಲವಿಲ್ಲ. ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಅವರು. ಆದುದರಿಂದ ದಾನಿಗಳಲ್ಲಿ ಒಂದು ಬಿನ್ನಹ: ಇವುಗಳಲ್ಲಿ ಕೆಲವು ಒಡೆದರೂ ಕಳೆದರೂ ಲೆಕ್ಕ ಕೇಳೆವೆಂದು ತಮ್ಮ ದಾನಪತ್ರದಲ್ಲಿಯೇ ಒಂದು ಸಾಲು ಬರೆದುಕೊಡಿ. ಶಿಕ್ಷಕರು ನಿಶ್ಚಿಂತೆಯಿಂದ ಕಪಾಟು ತೆರೆದಾರು.